ಆಂಪ್ ಸುಟ್ಟ ಮಿನಿ ಸಿಸ್ಟಮ್‌ನಿಂದ ಎರಡು ಸಾವಿರಕ್ಕೆ ಸಿ.ಡಿ. ಟ್ರಾನ್ಸ್‌ಪೋರ್ಟ್: ನನ್ನ ಅನುಭವ

ಹೊರಗಿನ ಡ್ಯಾಕ್‌ಗೆ, ಅಂದರೆ ಡಿಜಿಟಲ್ ಸಿಗ್ನಲ್ಲನ್ನು ಕೇಳುವ ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆಗೆ, ಜೋಡಿಸುವ ಸಿ.ಡಿ. ಪ್ಲೇಯರ್‌ನಲ್ಲಿ (ಇದನ್ನೇ ಟ್ರಾನ್ಸ್‌ಪೋರ್ಟ್ ಎನ್ನುವುದು) ಒಳಗಿನ ಡ್ಯಾಕ್ ಚಿಪ್‌ಗೆ ಕೆಲಸವೇ ಇಲ್ಲ. ಆದರೂ ಹಳೆಯ ಪ್ಲೇಯರ್ ಕೊಳ್ಳುವವರು ಮೊದಲು ವಿಚಾರಿಸುವುದು ಅದನ್ನೇ, ಹಣ ಸುರಿಯುವುದೂ ಅದಕ್ಕೇ. ನಾನು ನೋಡಿದ್ದು ಎರಡೇ ವಿಷಯ. ಲೇಸರ್ ಹೆಡ್ ಇವತ್ತಿಗೂ ಅಂಗಡಿಯಲ್ಲಿ ಸಿಗಬೇಕು, ಡಿಸ್ಕ್‌ನಲ್ಲಿರುವ ಬಿಟ್‌ಗಳು ಹಾಗೇ ಹೊರಗೆ ಬರಬೇಕು. ಮೂವತ್ತು ಸಾವಿರವಾದರೂ ಖರ್ಚು ಮಾಡದೆ ಒಳ್ಳೆಯ ಟ್ರಾನ್ಸ್‌ಪೋರ್ಟ್ ಆಗದು ಎಂದವರು ಬಹಳ ಮಂದಿ. ನನ್ನದು ಒಂದೂವರೆ ವರ್ಷದಿಂದ ದಿನವೂ ಓಡುತ್ತಿದೆ. ಕೆಟ್ಟ ಪ್ರಯೋಗಗಳನ್ನು ಬಿಟ್ಟರೆ ಖರ್ಚು ಸುಮಾರು 2,100 ರೂಪಾಯಿ.

ಕೆಟ್ಟ ಪ್ರಯೋಗಗಳ ಲೆಕ್ಕವನ್ನೂ ಕೊಡುತ್ತೇನೆ. ಎರಡು ಹಳೆಯ ಡಿ.ವಿ.ಡಿ. ಪ್ಲೇಯರ್‌ಗಳಿಗೆ 1,600 ರೂಪಾಯಿ ಹೋಯಿತು. ಮೊದಲನೆಯದು ಸಿ.ಡಿ.ಯ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟನ್ನೂ 48ಕ್ಕೆ ಬದಲಿಸಿ ಕಳಿಸುತ್ತಿತ್ತು. ನನ್ನ ಡ್ಯಾಕ್ ಟಾಪಿಂಗ್ ಇ30 ಬರುವ ಸ್ಯಾಂಪಲ್ ರೇಟ್ ತೋರಿಸುವುದರಿಂದ ಅದು ಮೊದಲ ನಿಮಿಷದಲ್ಲೇ ಸಿಕ್ಕಿಬಿತ್ತು. ಮೆನುವಿನಲ್ಲಿ ಡಿಜಿಟಲ್ ಔಟ್ ಅನ್ನು ‘ರಾ’ ಇಟ್ಟರೂ ಅಷ್ಟೇ, ‘ಪಿಸಿಎಂ’ ಇಟ್ಟರೂ ಅಷ್ಟೇ. ಎರಡನೆಯದು ಕರೋಕೆ ಇದ್ದ ಸೆಟ್. ಮೈಕ್ ಸಿಕ್ಕಿಸದಿದ್ದರೂ ಕರೋಕೆ ಆನ್ ಇದ್ದರೆ ಡಿಜಿಟಲ್ ಔಟ್ ಅದರ ಡಿಎಸ್‌ಪಿ (ಸದ್ದನ್ನು ಬದಲಿಸುವ ಚಿಪ್) ಹಾದೇ ಬರುತ್ತಿತ್ತು. ಅದನ್ನೂ ಈಕ್ವಲೈಸರನ್ನೂ ಆಫ್ ಮಾಡಿದ ಮೇಲೆ ಬಿಟ್‌ಗಳು ಸರಿಹೋದವು. ಆದರೆ ಪ್ರತಿ ಟ್ರ್ಯಾಕ್ ಮುಗಿದಾಗ ಸಿಗ್ನಲ್ಲೇ ನಿಂತು ಮತ್ತೆ ಶುರುವಾಗುತ್ತಿತ್ತು. ಡ್ಯಾಕ್ ಮತ್ತೆ ಲಾಕ್ ಆಗುವವರೆಗೆ ಮ್ಯೂಟ್, ಅಲ್ಲಿಗೆ ಅರ್ಧ ಸೆಕೆಂಡ್ ಸಂಗೀತ ಹೋಯಿತು. ರಾಗ, ತಾನ, ಪಲ್ಲವಿಯನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿದ ಕಛೇರಿಯಲ್ಲಿ ತಂಬೂರಿಯ ಶ್ರುತಿ ನಡುವೆ ಕಡಿದರೆ ಕೇಳಲಾಗದು. ಚಿತ್ರಗೀತೆಗಳನ್ನಷ್ಟೇ ಕೇಳುವವರಿಗೆ ಇಂಥ ಪ್ಲೇಯರ್ ಧಾರಾಳ ಸಾಕು.

ಕೊನೆಗೆ ಕೈಹಿಡಿದದ್ದು ಮಿನಿ ಸಿಸ್ಟಮ್. ತೊಂಬತ್ತರ ದಶಕದ ಕೊನೆಯ ಜಪಾನಿ ಸೆಟ್‌ಗಳಲ್ಲಿ ಹಲವಕ್ಕೆ ಹಿಂಬದಿಯಲ್ಲಿ ಸಿ.ಡಿ. ಆಪ್ಟಿಕಲ್ ಔಟ್ (ಡಿಜಿಟಲ್ ಸಿಗ್ನಲ್ಲನ್ನು ಬೆಳಕಾಗಿ ಹೊರಗೆ ಕೊಡುವ ಕಿಂಡಿ) ಇರುತ್ತದೆ. ಸೋನಿಯ ಪುಟ್ಟ ರೆಕಾರ್ಡಿಂಗ್ ಡಿಸ್ಕ್ ಆದ ಮಿನಿಡಿಸ್ಕ್‌ಗೆ ರೆಕಾರ್ಡ್ ಮಾಡಿಕೊಳ್ಳಲೆಂದು ಕೊಟ್ಟದ್ದು. ನಮ್ಮಲ್ಲಿ ಮಿನಿಡಿಸ್ಕ್ ಬಳಸಿದವರು ಕಡಿಮೆ, ಹಾಗಾಗಿ ಆ ತೂತಿನ ಪುಟ್ಟ ಮುಚ್ಚಳವನ್ನೇ ಯಾರೂ ತೆಗೆದಿರುವುದಿಲ್ಲ. ನನ್ನ ಸೆಟ್‌ನಲ್ಲಿ ಆ ಸಿಗ್ನಲ್ ಸಿ.ಡಿ. ಚಿಪ್‌ನಿಂದ ನೇರ ಬರುತ್ತದೆ, ಬಾಸ್ ಬೂಸ್ಟ್, ಸರೌಂಡ್ ಯಾವುದೂ ಅದನ್ನು ಮುಟ್ಟುವುದಿಲ್ಲ. ಆಂಪ್‌ನ ಎಸ್‌ಟಿಕೆ ಐಸಿ (ಸ್ಪೀಕರ್ ನಡೆಸುವ ಚಿಪ್) ಸುಟ್ಟ ಸೆಟ್ ಗುಜರಿಯ ಬೆಲೆಗೆ ಬರುತ್ತದೆ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಹತ್ತಿರ ಕೊಟ್ಟದ್ದು 1,200.

ಐಸಿ ಶಾರ್ಟ್ ಆಗಿದ್ದರೆ ಸೆಟ್ ಪ್ರೊಟೆಕ್ಟ್‌ಗೆ ಹೋಗಿ ಆನ್ ಆಗುವುದೇ ಇಲ್ಲ. ಪ್ಲಗ್ ತೆಗೆದು, ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳನ್ನು 100 ಓಮ್, 5 ವಾಟ್ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಖಾತ್ರಿಯಾದ ಮೇಲೆ ಎಸ್‌ಟಿಕೆಯನ್ನು ಪೂರ್ತಿ ಕಳಚಿಬಿಟ್ಟೆ. ಸೆಟ್ ಆನ್ ಆಯಿತು. ಇದೇ ಉಪಾಯ ಇನ್ನೊಂದು ಸೆಟ್‌ನಲ್ಲಿ ನಡೆಯಲಿಲ್ಲ. ಅದನ್ನು ಬಿಡಿಭಾಗಕ್ಕೆ ಮಾರಿದಾಗ 300 ಬಂತು. ಅದಕ್ಕೇ ಡಿಸ್‌ಪ್ಲೇ ಬೆಳಗುವ ಸೆಟ್ಟನ್ನೇ ತೆಗೆದುಕೊಳ್ಳಿ.

ಲೇಸರ್ ಹೆಡ್ ಸೋನಿಯ ಕೆಎಸ್‌ಎಸ್-213 ಜಾತಿಯದಾಗಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು. ತೊಂದರೆ ನಕಲಿ ಹೆಡ್‌ಗಳದ್ದು. 250 ರೂಪಾಯಿಯ ಎರಡು ಹೆಡ್ ಅಚ್ಚು ಹಾಕಿದ ಸಿ.ಡಿ.ಗಳನ್ನು ಚೆನ್ನಾಗಿ ಓದಿದವು, ಸಿ.ಡಿ.-ಆರ್ ಹಾಕಿದರೆ ಎಂಟು-ಹತ್ತನೇ ಟ್ರ್ಯಾಕ್ ದಾಟುತ್ತಿರಲಿಲ್ಲ. ಮೂರನೆಯದು 450 ರೂಪಾಯಿ, ಅಸಲಿ. ಅಸಲಿಯನ್ನು ಹೊರಗಿನಿಂದಲೇ ಗುರುತಿಸುವ ಒಂದು ಲಕ್ಷಣ ಇದೆ. ಅದನ್ನಿಲ್ಲಿ ಬರೆಯುವುದಿಲ್ಲ, ಬರೆದರೆ ನಕಲಿ ಮಾಡುವವರು ಅದನ್ನೂ ಸೇರಿಸಿಬಿಡುತ್ತಾರೆ.

ಹೊಸ ಹೆಡ್‌ನ ಪುಟ್ಟ ಬೋರ್ಡ್ ಮೇಲೆ ಸ್ಟ್ಯಾಟಿಕ್‌ನಿಂದ ಕಾಪಾಡಲು ಒಂದು ಸೋಲ್ಡರ್ ಹನಿ ಇರುತ್ತದೆ. ರಿಬ್ಬನ್ ಸಿಕ್ಕಿಸಿದ ಮೇಲೆ ಅದನ್ನು ತೆಗೆಯಬೇಕು. ಮೊದಲೇ ತೆಗೆದರೆ ಲೇಸರ್ ಸಾಯಬಹುದು, ಮರೆತರೆ ಬೆಳಕೇ ಬರುವುದಿಲ್ಲ. ಹೆಡ್ ಮೇಲಿನ ಪವರ್ ಟ್ರಿಮ್ಮರ್ ಮುಟ್ಟಬೇಡಿ. ತಿರುಗಿಸಿದರೆ ನಾಲ್ಕು ದಿನ ಚೆನ್ನಾಗಿ ಓದಿ ಐದನೇ ದಿನ ಕೈಕೊಡುತ್ತದೆ. ಓದದ ಪ್ಲೇಯರ್‌ಗಳಲ್ಲಿ ಎಷ್ಟೋ ಸಲ ತಪ್ಪು ಹೆಡ್‌ನದ್ದೇ ಅಲ್ಲ, ಹೆಡ್ ಜಾರುವ ಕಂಬಿಯ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಐಸೊಪ್ರೊಪೈಲ್‌ನಲ್ಲಿ ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಅಕ್ಕಿಕಾಳಿನಷ್ಟು ಹಚ್ಚಿದರೆ ಸಾಕು. ಡಿಸ್ಕ್ ಕೂರುವ ತಟ್ಟೆಯನ್ನು ಸ್ಪಿಂಡಲ್ ಮೋಟಾರಿನಿಂದ ಕೀಳುವ ಮುಂಚೆ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದಿಡಿ. ನಾನು ಅಂದಾಜಿನಲ್ಲಿ ಒತ್ತಿ ಕೂರಿಸಿ, ಫೋಕಸ್ ಸಿಗದೆ, ಎರಡು ಭಾನುವಾರ ಕಳೆದುಕೊಂಡೆ.

ರಿಪೇರಿ ಮುಗಿದ ಮೇಲೆ ಪರೀಕ್ಷೆ. ಬೇಡವಾದ ಸಿ.ಡಿ.ಯ ಓದುವ ಮೈಮೇಲೆ ಮಧ್ಯದಿಂದ ಅಂಚಿಗೆ ಕಪ್ಪು ಮಾರ್ಕರ್‌ನಲ್ಲಿ 1 ಮಿ.ಮೀ. ಗೆರೆ ಎಳೆದು ಹಾಕಿ. ಸಿ.ಡಿ.ಯ ದೋಷ ತಿದ್ದುವ ವ್ಯವಸ್ಥೆ ಸುಮಾರು 2.5 ಮಿ.ಮೀ. ಉದ್ದದ ಕೊರತೆಯವರೆಗೆ ಪೂರ್ತಿ ತುಂಬಿಕೊಡುತ್ತದೆ, ಆದ್ದರಿಂದ ಆರೋಗ್ಯವಾದ ಹೆಡ್ ಈ ಗೆರೆಯನ್ನು ಲೆಕ್ಕಿಸಬಾರದು. ನಕಲಿ ಹೆಡ್‌ಗಳು ಇಲ್ಲೇ ಎಡವಿದವು.

ಬಿಟ್ ಪರೀಕ್ಷೆಗೆ ಡಿಜಿಟಲ್ ಔಟ್ ಅನ್ನು ಕಂಪ್ಯೂಟರಿನ ಡಿಜಿಟಲ್ ಇನ್‌ಗೆ ಕೊಟ್ಟು ರೆಕಾರ್ಡ್ ಮಾಡಿದೆ. ಇಂಟರ್‌ಫೇಸ್‌ನ ಕ್ಲಾಕ್ ಅನ್ನು ‘ಎಕ್ಸ್‌ಟರ್ನಲ್’ ಇಡಲು ಮರೆತರೆ ಟಿಕ್ ಟಿಕ್ ಸದ್ದು ಬರುತ್ತದೆ. ಅದೇ ಟ್ರ್ಯಾಕಿನ ರಿಪ್ (ಡಿಸ್ಕ್‌ನಿಂದ ಕಂಪ್ಯೂಟರಿಗೆ ನಕಲಿಸಿದ ಫೈಲ್) ಅನ್ನು ತಲೆಕೆಳಗು ಮಾಡಿ, ಸ್ಯಾಂಪಲ್ ಸ್ಯಾಂಪಲ್ ಹೊಂದಿಸಿ ಕೂಡಿಸಿದಾಗ (ಇದೇ ನಲ್ ಟೆಸ್ಟ್) ಉಳಿದದ್ದು ಪೂರ್ತಿ ಸೊನ್ನೆ. ಸೊನ್ನೆಗಿಂತ ಕಡಿಮೆ ವ್ಯತ್ಯಾಸ ತೋರಿಸಲು ಯಾವ ದುಬಾರಿ ಟ್ರಾನ್ಸ್‌ಪೋರ್ಟ್‌ಗೂ ಆಗದು. ಮನೆಯಲ್ಲಿ ಡಿಟಿಎಸ್ (ಸರೌಂಡ್ ಸದ್ದಿನ ಒಂದು ಡಿಜಿಟಲ್ ರೂಪ) ರಿಸೀವರ್ ಇದ್ದವರಿಗೆ ಇನ್ನೂ ಸುಲಭ: ಡಿಟಿಎಸ್ ಸಿ.ಡಿ. ಹಾಕಿ ರಿಸೀವರ್‌ನಲ್ಲಿ ಡಿಟಿಎಸ್ ದೀಪ ಹತ್ತಿದರೆ ಬಿಟ್‌ಗಳು ಕೆಟ್ಟಿಲ್ಲ. ಆ ಡಿಸ್ಕನ್ನು ಸಾದಾ ಡ್ಯಾಕ್‌ಗೆ ಕೊಡಬೇಡಿ, ಜೋರಾದ ಬರೀ ಗದ್ದಲ ಬಂದು ಟ್ವೀಟರ್‌ಗೆ ಅಪಾಯ.

ಆಪ್ಟಿಕಲ್ ಔಟ್ ಇಲ್ಲದ ಒಂದು ಹಳೆಯ ಪ್ಲೇಯರ್‌ನಲ್ಲೂ ಕೈಯಾಡಿಸಿದೆ. ಫಿಲಿಪ್ಸ್ ಚಿಪ್‌ಗಳಲ್ಲಿ ‘ಡಿಒಬಿಎಂ’, ಸೋನಿಯ ಸಿಎಕ್ಸ್‌ಡಿ ಸಾಲಿನಲ್ಲಿ ‘ಡಿಔಟ್’ ಎಂಬ ಕಾಲಿನಲ್ಲಿ ಸಿಗ್ನಲ್ ಸಿದ್ಧವಾಗಿ ಬರುತ್ತದೆ, ಡೇಟಾಶೀಟ್ ನೋಡಿ. 5 ವೋಲ್ಟ್ ಚಿಪ್‌ಗೆ 0.1 ಮೈಕ್ರೋಫ್ಯಾರಡ್, ಅದರ ಸಾಲಿನಲ್ಲಿ 390 ಓಮ್, ಅಲ್ಲಿಂದ ಗ್ರೌಂಡ್‌ಗೆ 91 ಓಮ್. 3.3 ವೋಲ್ಟ್‌ಗೆ 240 ಮತ್ತು 110. ಎರಡರಲ್ಲೂ 75 ಓಮ್ ಲೋಡ್‌ಗೆ ಸುಮಾರು ಅರ್ಧ ವೋಲ್ಟ್ ಸಿಗುತ್ತದೆ. ನನಗೆ ಮೊದಲು ಏನೂ ಬರಲಿಲ್ಲ. ‘ಎಂಡಿ2’ ಎಂಬ ಕಾಲನ್ನು ಬೋರ್ಡ್‌ನಲ್ಲಿ ಗ್ರೌಂಡ್ ಮಾಡಿ ಡಿಜಿಟಲ್ ಔಟ್ ಮುಚ್ಚಿಟ್ಟಿದ್ದರು. ಬೋರ್ಡ್‌ನ ಆ ತಾಮ್ರದ ಗೆರೆ ಕತ್ತರಿಸಿ ಆ ಕಾಲನ್ನು ಚಿಪ್‌ನ ಪ್ಲಸ್ ವೋಲ್ಟೇಜ್‌ಗೆ ಕೊಟ್ಟ ಕ್ಷಣ ಡ್ಯಾಕ್‌ನಲ್ಲಿ 44.1 ಮೂಡಿತು. ಕೇಬಲ್‌ಗೆ ಡಿಶ್ ಆಂಟೆನಾದ 75 ಓಮ್ ಆರ್‌ಜಿ-6 ಉಳಿಕೆ, ಒಂದೂವರೆ ಮೀಟರ್. ಹಳದಿ ವಿಡಿಯೊ ಕೇಬಲ್‌ನಲ್ಲೂ ನಲ್ ಟೆಸ್ಟ್ ಸೊನ್ನೆಯೇ ಬಂತು. ಆದರೆ ಇಂಥ ಕೊಆಕ್ಸ್ ತಂತಿ ಎರಡು ಪೆಟ್ಟಿಗೆಗಳ ಗ್ರೌಂಡ್ ಕೂಡಿಸುವುದರಿಂದ ಡ್ಯಾಕ್‌ಗೆ ಅಗ್ಗದ ಫೋನ್ ಅಡಾಪ್ಟರ್ ಕೊಟ್ಟಾಗ ಹಮ್ ಬಂತು. ಆಪ್ಟಿಕಲ್‌ನಲ್ಲಿ ಆ ಕಾಟ ಇಲ್ಲ. ಅದಕ್ಕೇ ನಿತ್ಯದ ಬಳಕೆಗೆ ಮಿನಿ ಸಿಸ್ಟಮ್ಮೇ ಉಳಿಯಿತು.

ಎಂಬತ್ತರ ದಶಕದ ಕೆಲವು ಜಪಾನಿ ಸಿ.ಡಿ.ಗಳು ಪ್ರಿ-ಎಂಫಸಿಸ್ (ರೆಕಾರ್ಡಿಂಗ್‌ನಲ್ಲಿ ಟ್ರೆಬಲ್ ಏರಿಸಿಟ್ಟು, ಕೇಳುವಾಗ ಇಳಿಸುವ ಪದ್ಧತಿ) ಹಾಕಿ ಬಂದವು. ಅದನ್ನು ಗಮನಿಸದ ಡ್ಯಾಕ್‌ನಲ್ಲಿ ಅವು ಕಿವಿ ಚುಚ್ಚುತ್ತವೆ. ಹೆಡ್ ಕೆಟ್ಟಿದೆ ಎಂದು ಅದನ್ನು ಬಿಚ್ಚಲು ಹೋಗಬೇಡಿ, ಬೇರೆ ಡಿಸ್ಕ್ ಹಾಕಿ ನೋಡಿ.