ನನ್ನ ಅನುಭವ: ತೋಟದ ಆಫೀಸಿನ ಒಂದೇ ಕಂಪ್ಯೂಟರ್‌ನಲ್ಲಿ ಎರಡು ಪೋಸ್ಟ್‌ಗ್ರೆಸ್

ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಕಾಫಿ ತೋಟಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿ ಮಾರುವುದು ನನ್ನ ಕೆಲಸ. ಹಾಜರಿ, ಕೊಯ್ದ ಹಣ್ಣಿನ ತೂಕ, ವಾರದ ಬಟವಾಡೆ ಎಲ್ಲ ಅದರಲ್ಲೇ. ಡೇಟಾ ಇಡಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಸ್ಕ್ಯಾನ್ ಮಾಡಿದ ಚೀಟಿಗಳನ್ನು ಚಿಕ್ಕದು ಮಾಡಲು ಇಮೇಜ್‌ಮ್ಯಾಜಿಕ್. ಎರಡೂ ಬೇರೆಯವರು ಬರೆದವು, ನಮ್ಮ ಇನ್‌ಸ್ಟಾಲರ್ ಜೊತೆಗೇ ಹೋಗುತ್ತವೆ. ಮಳೆಗಾಲದ ನೆಟ್‌ವರ್ಕ್ ನಂಬಿಕೊಂಡು ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳಿ ಅನ್ನೋಕಾಗಲ್ಲ.

ಹೋದಲ್ಲೆಲ್ಲ ರೈಟರ್ (ತೋಟದ ಲೆಕ್ಕ ಬರೆಯುವವರು) ಕೇಳುವುದು ಒಂದೇ ಪ್ರಶ್ನೆ: "ನಿಮ್ಮದು ಹಾಕಿದ್ರೆ ನಮ್ಮ ಬಿಲ್ಲಿಂಗ್ ನಿಲ್ಲಲ್ಲ ಅಲ್ವಾ ಸಾರ್?" ನ್ಯಾಯವಾದ ಪ್ರಶ್ನೆ. ಆಫೀಸಿಗೆ ಇರುವುದು ಒಂದೇ ಕಂಪ್ಯೂಟರ್. ಇನ್ಯಾರದೋ ಸಾಫ್ಟ್‌ವೇರ್ ಮೊದಲೇ ತನ್ನ ಪೋಸ್ಟ್‌ಗ್ರೆಸ್ ಹಾಕಿ, 5432 ಪೋರ್ಟ್ (ಬೇರೆ ಪ್ರೋಗ್ರಾಮ್‌ಗಳು ಅದನ್ನು ತಲುಪುವ ಬಾಗಿಲಿನ ನಂಬರ್) ಹಿಡಿದು ಕೂತಿರುತ್ತದೆ. ಅದರದು ಹಳೇ ವರ್ಷನ್, ನಮ್ಮದು ಹೊಸದು.

ಹಾಗಾಗಿ ನಮ್ಮ ಪ್ರತಿ ನಮ್ಮ ಫೋಲ್ಡರ್‌ನಲ್ಲೇ ಇರುತ್ತದೆ. ಹಿನ್ನೆಲೆಯಲ್ಲಿ ಓಡುವ ಅದರ ಸರ್ವಿಸ್‌ಗೆ ನಮ್ಮದೇ ಹೆಸರು, ಪೋರ್ಟ್ ಬೇರೆ. ಆ ಪೋರ್ಟ್ ಖಾಲಿ ಇದೆಯಾ ಅಂತ ಇನ್‌ಸ್ಟಾಲರ್ ಮೊದಲು ನೋಡುತ್ತದೆ, ಇಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಡಿಎಲ್‌ಎಲ್‌ಗಳನ್ನು (ಪ್ರೋಗ್ರಾಮ್ ಓಡಲು ಬೇಕಾದ ಜೊತೆ ಫೈಲ್‌ಗಳು) ಅವು ಬೇಕಾದ ಪ್ರೋಗ್ರಾಮಿನ ಪಕ್ಕದಲ್ಲೇ ಇಡುತ್ತೇನೆ. ವಿಂಡೋಸ್ ಸಾಮಾನ್ಯವಾಗಿ ಪಾತ್ ಪಟ್ಟಿಗೆ (ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಎನ್ನುವ ಪಟ್ಟಿ) ಹೋಗುವ ಮೊದಲು ಅಲ್ಲೇ ಹುಡುಕುತ್ತದೆ.

ಆ ಸಿಸ್ಟಮ್ ಪಾತ್ ಅನ್ನು ನಾನು ಮುಟ್ಟುವುದೇ ಇಲ್ಲ. ಯಾಕೆ ಅಂತ ತಿಳಿಯಬೇಕಾದರೆ ಕಮಾಂಡ್ ಕಿಟಕಿಯಲ್ಲಿ 'ವೇರ್ ಕನ್ವರ್ಟ್' (where convert) ಎಂದು ಟೈಪ್ ಮಾಡಿ ನೋಡಿ. ಆ ಹೆಸರಿನ ಪ್ರೋಗ್ರಾಮ್ ಎಲ್ಲಿದೆ ಅಂತ ಅದು ತೋರಿಸುತ್ತದೆ. ಸಿಗುವುದು ಸಾಮಾನ್ಯವಾಗಿ ಸಿಸ್ಟಮ್32 ಒಳಗಿನ ಕನ್ವರ್ಟ್. ಅದು ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಬದಲಿಸುವ ವಿಂಡೋಸ್‌ನ ಸ್ವಂತ ಪ್ರೋಗ್ರಾಮ್. ಇಮೇಜ್‌ಮ್ಯಾಜಿಕ್‌ನಲ್ಲೂ ಅದೇ ಹೆಸರಿನ ಕಮಾಂಡ್ ಇತ್ತು. ಹೆಸರು ಒಂದೇ ಆದಾಗ ಯಾವುದು ಓಡುತ್ತದೆ ಅನ್ನೋದು ಆ ಪಟ್ಟಿಯ ಕ್ರಮದ ಮೇಲೆ. 7ನೇ ವರ್ಷನ್‌ನಿಂದ ಮುಖ್ಯ ಕಮಾಂಡಿನ ಹೆಸರು 'ಮ್ಯಾಜಿಕ್'. ಆದರೂ ಬರೀ ಹೆಸರು ಹಿಡಿದು ನಾನು ಯಾವುದನ್ನೂ ಕರೆಯುವುದಿಲ್ಲ. ಪೂರ್ತಿ ವಿಳಾಸ ಕೊಟ್ಟೇ ಕರೆಯುತ್ತೇನೆ.

ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳ (ಪ್ರೋಗ್ರಾಮ್‌ಗಳು ಶುರುವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್‌ಗಳು) ಕಡೆ ಜಾಸ್ತಿ ಜನ ನೋಡುವುದಿಲ್ಲ. ಇನ್ನೊಬ್ಬರ ಸಾಫ್ಟ್‌ವೇರ್ 'ಪಿಜಿಪೋರ್ಟ್' ಅಂತ ಒಂದನ್ನು ಇಡೀ ಸಿಸ್ಟಮ್‌ಗೆ ಇಟ್ಟು ಹೋಗಿದೆ ಅಂದುಕೊಳ್ಳಿ. ಪೋರ್ಟ್ ಹೇಳದೆ ಓಡಿಸಿದ ನಮ್ಮ ಬ್ಯಾಕಪ್ ಸುಮ್ನೆ ಅದನ್ನೇ ಓದಿಕೊಂಡು ಅವರ ಸರ್ವರ್ ಬಾಗಿಲು ತಟ್ಟುತ್ತದೆ. ಜಾವಾ, ಪೈಥಾನ್ ಕೂಡ ಹೀಗೇ ಹೊರಗಿನದನ್ನು ಓದುತ್ತವೆ. ಅದಕ್ಕೇ ಪ್ರತಿ ಟೂಲ್ ಶುರು ಮಾಡುವಾಗ ಇಂಥವನ್ನೆಲ್ಲ ತೆಗೆದು, ಬೇಕಾದ ನಾಲ್ಕನ್ನು ಮಾತ್ರ ಕೊಟ್ಟು ಕಳಿಸುತ್ತೇನೆ. ಆ ಬದಲಾವಣೆ ಓಡುತ್ತಿರುವ ಆ ಒಂದು ಪ್ರೋಗ್ರಾಮಿಗಷ್ಟೇ, ಕಂಪ್ಯೂಟರ್‌ಗಲ್ಲ.

ಸ್ವಂತ ಪ್ರತಿ ಇಟ್ಟುಕೊಂಡ ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಕೂಡ ನಮ್ಮ ತಲೆ ಮೇಲೆ. ಪೋಸ್ಟ್‌ಗ್ರೆಸ್ 16.1ರಿಂದ 16.4ಕ್ಕೆ ಹೋಗುವುದು ಸುಲಭ, ಅದೇ ಡೇಟಾ ಫೋಲ್ಡರ್ ನಡೆಯುತ್ತದೆ. 13ರ ಡೇಟಾ ಫೋಲ್ಡರನ್ನು 16 ಹಾಗೇ ತೆರೆಯುವುದಿಲ್ಲ, ಡೇಟಾ ದಾಟಿಸಲೇಬೇಕು. ಆ ಕೆಲಸವನ್ನು ಕೊಯ್ಲಿನ ಸಮಯದಲ್ಲಿ ನಾನು ಮಾಡುವುದಿಲ್ಲ. ಬಟವಾಡೆ ಒಂದು ದಿನ ತಡವಾದರೂ ಕೆಲಸದವರ ಮನೆಗೆ ತೊಂದರೆ.

ಲೈಸೆನ್ಸ್ ಕೂಡ ಓದಿ. ಪೋಸ್ಟ್‌ಗ್ರೆಸ್‌ನದು ಧಾರಾಳ, ಮಾರುವ ಸಾಫ್ಟ್‌ವೇರ್ ಜೊತೆಗೂ ಕೊಡಬಹುದು. ಪಿಡಿಎಫ್‌ಗೆ ಹಲವರು ಬಳಸುವ ಗೋಸ್ಟ್‌ಸ್ಕ್ರಿಪ್ಟ್ ಎಜಿಪಿಎಲ್‌ನಲ್ಲಿದೆ, ಅಂದರೆ ನಮ್ಮ ಕೋಡ್ ಕೂಡ ಬಿಟ್ಟುಕೊಡಬೇಕಾಗಬಹುದಾದ ಬಿಗಿ ಲೈಸೆನ್ಸ್. ಮಾರುವ ಸಾಫ್ಟ್‌ವೇರ್ ಒಳಗೆ ಸೇರಿಸುವ ಮೊದಲು ಅವರ ವ್ಯಾಪಾರಿ ಲೈಸೆನ್ಸ್ ಬೇಕಾ ಅಂತ ವಿಚಾರಿಸಿಕೊಳ್ಳಿ.

ಅನ್‌ಇನ್‌ಸ್ಟಾಲ್ ಮಾಡಿದಾಗ ನಮ್ಮ ಫೋಲ್ಡರ್, ನಮ್ಮ ಸರ್ವಿಸ್ ಮಾತ್ರ ಹೋಗುತ್ತದೆ. ಡೇಟಾ ಫೋಲ್ಡರ್ ಉಳಿಯುತ್ತದೆ. ಅದು ತೋಟದವರ ಲೆಕ್ಕ, ಅಳಿಸುವುದು ಬಿಡುವುದು ಅವರಿಗೇ ಬಿಟ್ಟದ್ದು.