ಎಲೆ ತಿನ್ನಲಿ ಬಿಡಿ: ಚಿಟ್ಟೆಗಳಿಗಾಗಿ ನಾನು ಮಾಡಿದ ಕೈತೋಟ

ಚಿಟ್ಟೆ ಬರಬೇಕಾದರೆ ಹೂವಿನ ಗಿಡ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹೂವು ಬೇಕು, ನಿಜ. ಆದರೆ ಬರೀ ಹೂವಿದ್ದರೆ ಚಿಟ್ಟೆ ಬಂದು ಮಕರಂದ ಕುಡಿದು ಹೋಗುತ್ತದೆ, ಅಷ್ಟೇ. ಅದು ನಮ್ಮಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡಬೇಕಾದರೆ ಅದರ ಹುಳು ತಿನ್ನುವ ಗಿಡ ಇರಬೇಕು. ಅದಕ್ಕೇ ನಾನು ಮೊದಲು ನೆಟ್ಟಿದ್ದು ಹೂಗಿಡವನ್ನಲ್ಲ, ಕರಿಬೇವನ್ನು.

ಹೆಚ್ಚಿನ ಚಿಟ್ಟೆಗಳ ಹುಳುಗಳು ತಮಗೆ ಒಗ್ಗಿದ ಕೆಲವೇ ಗಿಡಗಳ ಎಲೆ ತಿನ್ನುತ್ತವೆ. ಬೇರೆ ಎಲೆ ಇಟ್ಟರೆ ಹಸಿದು ಸಾಯುತ್ತವೆಯೇ ಹೊರತು ಮುಟ್ಟುವುದಿಲ್ಲ. ಕರಿಬೇವು, ನಿಂಬೆ ಇದ್ದರೆ ಲೈಮ್ ಬಟರ್‌ಫ್ಲೈ ಮತ್ತು ಕಾಮನ್ ಮಾರ್ಮನ್ ಬರುತ್ತವೆ. ಎಕ್ಕಕ್ಕೆ ಪ್ಲೇನ್ ಟೈಗರ್, ಕಣಗಿಲೆಗೆ ಕಾಮನ್ ಕ್ರೋ, ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆಯಂತೂ ಪೂರ್ತಿ ವಿಷ. ಚಿಕ್ಕ ಮಕ್ಕಳು, ದನಕರು ಓಡಾಡುವ ಕಡೆ ಇವೆರಡೂ ಬೇಡ. ಕರಿಬೇವು, ನಿಂಬೆ ಸಾಕು.

ಕರಿಬೇವಿನ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಹೆಣ್ಣು ಚಿಟ್ಟೆ ರೆಕ್ಕೆ ಬಡಿಯುತ್ತಲೇ ಎಲೆಯಿಂದ ಎಲೆಗೆ ಹಾರಿ, ಮುಂಗಾಲಿನಿಂದ ತಟ್ಟಿ ತಟ್ಟಿ ನೋಡುತ್ತದೆ. ಅದಕ್ಕೆ ರುಚಿ ಗೊತ್ತಾಗುವುದು ಕಾಲಿನಿಂದಲೇ. ಇದೇ ಗಿಡ ಅಂತ ಖಾತ್ರಿಯಾದ ಮೇಲೆ ಹೊಟ್ಟೆ ಬಾಗಿಸಿ ಚಿಗುರೆಲೆಗೆ ಒಂದು ಮೊಟ್ಟೆ ಅಂಟಿಸುತ್ತದೆ. ತೆಳು ಹಳದಿ, ಸಾಸಿವೆಗಿಂತ ಚಿಕ್ಕದು. ಹೊರಬಂದ ಮರಿಹುಳು ಥೇಟ್ ಹಕ್ಕಿಯ ಹಿಕ್ಕೆಯ ಹಾಗೆ ಕಂದು-ಬಿಳಿ. ಹಿಕ್ಕೆ ತಿನ್ನೋಕೆ ಯಾವ ಹಕ್ಕಿ ಬರುತ್ತೆ, ಅಲ್ವಾ? ದೊಡ್ಡದಾದ ಮೇಲೆ ಪೊರೆ ಬಿಟ್ಟು ಎಲೆಯಷ್ಟೇ ಹಸಿರಾಗುತ್ತದೆ. ಆಗ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬು ಚಾಚಿ, ಘಾಟು ವಾಸನೆ ಬಿಡುತ್ತದೆ. ಇರುವೆ, ಹಕ್ಕಿಗಳನ್ನು ಹೆದರಿಸುವ ಉಪಾಯ ಅದು. ಇದನ್ನೆಲ್ಲ ನೋಡಿದ ಮೇಲೆ ಎಲೆ ತೂತಾಯಿತು ಅಂತ ಬೇಜಾರಾಗುವುದೇ ಇಲ್ಲ. ಬೇರು ಬಿಟ್ಟ ಕರಿಬೇವು ಹೇಗೂ ಮತ್ತೆ ಚಿಗುರುತ್ತದೆ.

ಇನ್ನು ಹೂವು. ಪೆಂಟಾಸ್, ಕೇಪಳ, ಜಿನ್ನಿಯಾ, ಕಾಸ್ಮಾಸ್ ಚೆನ್ನಾಗಿ ಕೆಲಸ ಮಾಡುತ್ತವೆ. ಒಂದೊಂದು ಬಗೆಯನ್ನೂ ಗುಂಪಾಗಿ ನೆಡಿ, ದೂರದಿಂದಲೇ ಕಾಣುತ್ತದೆ. ಒತ್ತೊತ್ತಾಗಿ ಎಸಳು ತುಂಬಿದ ತಳಿಗಳು ನಮ್ಮ ಕಣ್ಣಿಗೆ ಚಂದ, ಆದರೆ ಎಷ್ಟೋ ಸಲ ಅವುಗಳಲ್ಲಿ ಚಿಟ್ಟೆಯ ಹೀರುನಳಿಗೆ ಮಕರಂದ ಎಟುಕುವುದಿಲ್ಲ. ಒಂದೇ ಸುತ್ತು ಎಸಳಿನವೇ ವಾಸಿ. ಜಾಗ ಬಿಸಿಲಿನದಾಗಿರಲಿ, ಗಾಳಿಗೆ ಸ್ವಲ್ಪ ಮರೆ ಇರಲಿ. ಮೈ ಬೆಚ್ಚಗಾಗದೆ ಚಿಟ್ಟೆ ಹಾರಲಾರದು. ಬೆಳಗ್ಗೆ ಬಿಸಿಲು ಬೀಳುವ ಕಡೆ ಒಂದೆರಡು ಚಪ್ಪಟೆ ಕಲ್ಲು ಇಟ್ಟಿದ್ದೇನೆ, ಅದರ ಮೇಲೆ ರೆಕ್ಕೆ ಅಗಲಿಸಿ ಕೂರುತ್ತವೆ.

ನೀರಿನ ಬಟ್ಟಲು ಬೇಡ, ಒದ್ದೆ ಮರಳು ಬೇಕು. ಅಗಲ ತಟ್ಟೆಯಲ್ಲಿ ಮರಳು, ಮಣ್ಣು ಹಾಕಿ, ಚಿಟಿಕೆ ಉಪ್ಪು ಬೆರೆಸಿ, ಸದಾ ತೇವ ಇಡುತ್ತೇನೆ. ಅಲ್ಲಿ ಬಂದು ಕೂರುವುದು ಜಾಸ್ತಿ ಗಂಡುಗಳೇ. ಮಕರಂದದಲ್ಲಿ ಸಿಗದ ಸೋಡಿಯಂ ಅವಕ್ಕೆ ಇಲ್ಲಿ ಸಿಗುತ್ತದೆ. ಕೂಡುವಾಗ ಅದರಲ್ಲಿ ಒಂದಿಷ್ಟು ಹೆಣ್ಣಿಗೆ ಹೋಗಿ ಮೊಟ್ಟೆಗೂ ಸೇರುತ್ತದೆ. ಮರದಡಿ ಕಳಿತ ಬಾಳೆಹಣ್ಣು ಇಟ್ಟರೆ ಹೂವಿನ ಕಡೆ ಸುಳಿಯದ ಕಂದು ಬಣ್ಣದ ಚಿಟ್ಟೆಗಳೂ ಬರುತ್ತವೆ.

ಔಷಧಿ ಸಿಂಪಡಿಸುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಏನೂ ಹೊಡೆಯುವುದಿಲ್ಲ. ಸಾವಯವ ಅಂದ ಮಾತ್ರಕ್ಕೆ ಚಿಟ್ಟೆಗೆ ಒಳ್ಳೆಯದು ಅಂತೇನಿಲ್ಲ. ಬೇವಿನೆಣ್ಣೆ ಮರಿಹುಳುವಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಬಿಟಿ ಅನ್ನುವ ಬ್ಯಾಕ್ಟೀರಿಯಾದ ಪುಡಿ ಮಾರುವುದಂತೂ ಇಂಥ ಹುಳುಗಳನ್ನು ಕೊಲ್ಲಲಿಕ್ಕೇ. ಎಕ್ಕದಲ್ಲಿ ಹಳದಿ ಹೇನು ಮುತ್ತಿದರೆ, ಮೊಟ್ಟೆ ಇದೆಯಾ ಅಂತ ಎಲೆಯ ಹಿಂದೆ ಮುಂದೆ ನೋಡಿ, ಕೈಯಿಂದ ಒರೆಸಿ ತೆಗೆಯುತ್ತೇನೆ. ನರ್ಸರಿ ಗಿಡಕ್ಕೆ ಮೊದಲೇ ಔಷಧಿ ಬಿದ್ದಿರಬಹುದು. ಹಾಗಾಗಿ ಬೀಜ ಅಥವಾ ಕಡ್ಡಿಯಿಂದ ಬೆಳೆಸುವುದೇ ನನಗಿಷ್ಟ. ಹಕ್ಕಿ, ಕಣಜಗಳು ಒಂದಷ್ಟು ಹುಳುಗಳನ್ನು ಒಯ್ಯುತ್ತವೆ. ಒಯ್ಯಲಿ, ಅವೂ ಬದುಕಬೇಕು.

ಇನ್ನೊಂದು ಮಾತು. ಹುಳು ಕಾಣದಾದ ತಕ್ಷಣ ಗಿಡ ಸವರಲು ಕತ್ತರಿ ತೆಗೆದುಕೊಳ್ಳಬೇಡಿ. ಕೋಶ ಕಟ್ಟುವ ಹೊತ್ತಿಗೆ ಅದು ಪಕ್ಕದ ಕೊಂಬೆಗೋ ಕುಂಡದ ಅಂಚಿಗೋ ಹೋಗಿರುತ್ತದೆ. ಕರಿಬೇವಿನ ಹುಳುವಾದರೆ ನಡುವಿಗೊಂದು ರೇಷ್ಮೆ ಎಳೆ ಬಿಗಿದುಕೊಂಡು ಒರಗಿರುತ್ತದೆ, ಹಸಿರೋ ಕಂದೋ ಆಗಿರುವುದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ. ಕುಂಡ ಸರಿಸುವ ಮೊದಲೂ ಸುತ್ತ ಒಮ್ಮೆ ನೋಡಿಕೊಳ್ಳಿ. ಕೋಶ ಸಿಕ್ಕರೆ ಚಿಟ್ಟೆ ಹೊರಬರುವ ತನಕ ಆ ಕುಂಡವನ್ನು ಹಾಗೇ ಬಿಟ್ಟುಬಿಡಿ.