ಪುಂಡಿಪಲ್ಯ ಕಲಿಸಿ ದುಡ್ಡು ನೋಡಿದೆ

ಧಾರವಾಡದಲ್ಲಿ ಕುಳಿತು ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯ, ಜೋಳದ ರೊಟ್ಟಿ ಕಲಿಸುತ್ತೇನೆ, ಅದಕ್ಕೆ ಶುಲ್ಕವನ್ನೂ ತೆಗೆದುಕೊಳ್ಳುತ್ತೇನೆ ಎಂದಾಗ ಮೊದಲು ನಕ್ಕವರು ನಮ್ಮ ಅತ್ತಿಗೆ. "ಅದಕ್ಕೆ ದುಡ್ಡು ಕೊಟ್ಟು ಯಾರು ಬರುತ್ತಾರೆ? ಮನೆಮನೆಯಲ್ಲೂ ಅತ್ತೆಯರು ಪುಕ್ಕಟೆ ಕಲಿಸುತ್ತಾರೆ, ಬೈಗುಳ ಸಮೇತ" ಎಂದರು. ಹುಬ್ಬಳ್ಳಿಯಲ್ಲಿ ಅಡುಗೆ ಕ್ಲಾಸ್ ನಡೆಸುವ ಗೆಳತಿಯೊಬ್ಬರದೂ ಅದೇ ಮಾತು: ಕೇಕ್ ಬಿಟ್ಟರೆ ನೀವು ಕೆಟ್ಟಿರಿ. ಈಗ ಪ್ರತಿ ಋತುವಿಗೆ ಎರಡು ತಂಡ ತುಂಬುತ್ತವೆ, ಹೆಸರು ಬರೆಸಿ ಕಾಯುವವರೂ ಇದ್ದಾರೆ. ಅವರಲ್ಲಿ ಅತ್ತೆ ಇರುವ ಮನೆಯ ಸೊಸೆಯರೇ ಹೆಚ್ಚು. ಬೈಗುಳವಿಲ್ಲದ ಪಾಠಕ್ಕೂ ಒಂದು ದರವಿದೆ ಎಂದು ಅತ್ತಿಗೆಗೆ ಹೇಳಿದ್ದೇನೆ.

ಶುರು ಮಾಡಿದ್ದು ನಾನೂ ಕೇಕ್, ಪನೀರ್, ಗೋಬಿಯಿಂದಲೇ. ಸಪ್ತಾಪುರದ ಕಡೆ ಒಂದು ಕೋಣೆಯನ್ನು ತಿಂಗಳಿಗೆ 6 ಸಾವಿರ ಬಾಡಿಗೆಗೆ ಹಿಡಿದೆ. ಒಂದು ದಿನದ ಪಾಠಕ್ಕೆ 300 ರೂಪಾಯಿ. ಬಂದವರು ನಾಲ್ವರೋ ಐವರೋ. ಬೆಣ್ಣೆ ಮತ್ತು ಪನೀರಿನ ಬಿಲ್ಲೇ ಅರ್ಧ ನುಂಗುತ್ತಿತ್ತು. ಅದೇ ತಿನಿಸನ್ನು ನನಗಿಂತ ಚಂದದ ಅಡುಗೆಮನೆಯಲ್ಲಿ ನಿಂತು ಮೊಬೈಲ್‌ನಲ್ಲಿ ಪುಕ್ಕಟೆ ತೋರಿಸುವವರು ನೂರು ಜನರಿರುವಾಗ ನನ್ನ ಬಳಿ ಏಕೆ ಬರಬೇಕು? ಮಾಲೀಕರು ಗ್ಯಾಸ್ ಬೇಡವೆಂದು ಇಂಡಕ್ಷನ್ ಒಲೆ ಇಡಿಸಿದ್ದರು. ಅದರ ಮೇಲೆ ಒಮ್ಮೆ ರೊಟ್ಟಿ ಹಾಕಿ ನೋಡಿದೆ: ಹಂಚಿನ ನಡುಮಧ್ಯ ಕರಕು, ಅಂಚು ಹಸಿ. ಏಳೆಂಟು ತಿಂಗಳಲ್ಲಿ ಸುಮಾರು 40 ಸಾವಿರ ಕೈಬಿಟ್ಟಿತು.

2020ರ ಲಾಕ್‌ಡೌನ್‌ನಲ್ಲಿ ಕೋಣೆ ಬಿಟ್ಟು ಮನೆಗೆ ಬಂದೆ. ಮೊಬೈಲ್ ಮುಂದೆ ನಿಂತು ರೊಟ್ಟಿ ಬಡಿಯುವುದನ್ನು ತೋರಿಸಿದೆ. ಬೆಂಗಳೂರು, ಪುಣೆಗಳಿಂದ ಜನ ಸೇರಿದರು, ಹಣವೂ ಬಂತು, ಆದರೆ ರೊಟ್ಟಿ ಒಬ್ಬರದೂ ಉಬ್ಬಲಿಲ್ಲ. ಎಲ್ಲರ ಕೈಯಲ್ಲೂ ಅಂಗಡಿಯ ಪ್ಯಾಕೆಟ್ ಹಿಟ್ಟು. ಬೀಸಿ ಎಷ್ಟು ತಿಂಗಳಾಗಿತ್ತೋ ಏನೋ. ಜಿಗಿ ಹೋದ ಹಿಟ್ಟಿಗೆ ಎಸರು ಎಷ್ಟು ಕುದಿಸಿ ಹಾಕಿದರೇನು? ನಾದಿದ ಹಿಟ್ಟು ಹದಕ್ಕೆ ಬಂತೇ ಎಂದು ಪರದೆಯಾಚೆಯಿಂದ ಮುಟ್ಟಿ ಹೇಳುವುದೂ ಸಾಧ್ಯವಿಲ್ಲ. ಅರ್ಧ ಜನರಿಗೆ ಹಣ ಹಿಂದಿರುಗಿಸಿದೆ.

ದಾರಿ ತೋರಿಸಿದವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಕೋಣೆ ಮಾಡಿಕೊಂಡಿರುವ ಹುಡುಗರು. ಊರಿನಿಂದ ಬಸ್ಸಿಗೆ ಬುತ್ತಿ ಬರುತ್ತದೆ. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ಪಲ್ಯ ಮಾತ್ರ ದಾರಿಯಲ್ಲೇ ಹಳಸುತ್ತದೆ. "ಅಕ್ಕಾ, ಪಲ್ಯ ಒಂದನ್ನು ಕಲಿಸಿಬಿಡಿ, ರೊಟ್ಟಿ ಅವ್ವ ಕಳಿಸುತ್ತಾಳೆ" ಎಂದರು. ಅವರ ಹತ್ತಿರ ಇದ್ದದ್ದು ಒಂದು ಒಲೆ, ಒಂದು ಬೋಗುಣಿ, ಮತ್ತು ಸಂಜೆ ಮಾರುಕಟ್ಟೆಯಲ್ಲಿ ಯಾವುದು ಅಗ್ಗವೋ ಅಷ್ಟಕ್ಕೆ ಸಾಲುವ ದುಡ್ಡು. ಹಾಗಾಗಿ ಪಾಠ ಒಲೆಯ ಮುಂದೆ ಆರಂಭವಾಗದೆ ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ತರಕಾರಿ ಸಂತೆಯ ಸೊಪ್ಪಿನ ಸಾಲಿನಲ್ಲಿ ಆರಂಭವಾಯಿತು. ಇಂದಿಗೂ ಹಾಗೆಯೇ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿ ಸೇರುತ್ತೇವೆ. ಅಂದಿನ ಅಡುಗೆ ಏನೆಂದು ನನಗೂ ಗೊತ್ತಿರುವುದಿಲ್ಲ. ಮುದುಕಿಯರು ಗೋಣಿಚೀಲದ ಮೇಲೆ ಹರಡಿಕೊಂಡು ಕೂತ ಸೊಪ್ಪನ್ನು ನೋಡಿದ ಮೇಲೆಯೇ ನಿರ್ಧಾರ. "ಮೊದಲೇ ಪಟ್ಟಿ ಕೊಡದಿದ್ದರೆ ಜನ ಬರುವುದಿಲ್ಲ" ಎಂದು ಗೆಳತಿ ಎಚ್ಚರಿಸಿದ್ದರು. ಪಟ್ಟಿ ಕೊಟ್ಟಾಗ ಬಂದಿದ್ದವರು ನಾಲ್ವರು ಎಂಬುದನ್ನು ಅವರಿಗೆ ನೆನಪಿಸಿದೆ.

ಈ ಪದ್ಧತಿ ಎಲ್ಲ ಊರಿಗೂ ಹೊಂದುತ್ತದೆ ಎಂದು ಹೇಳಲಾರೆ. ಧಾರವಾಡಕ್ಕೆ ಪಡುವಣದಲ್ಲಿ ಅಳ್ನಾವರ, ತೆಂಕಣದಲ್ಲಿ ಕಲಘಟಗಿಯ ಭತ್ತದ ಸೀಮೆ. ಮೂಡಣದಲ್ಲಿ ನವಲಗುಂದ, ಅಣ್ಣಿಗೇರಿಯ ಎರೆಹೊಲ. ಮಳೆಗಾಲದಲ್ಲಿ ಒಂದು ಕಡೆಯಿಂದ ಕಳಲೆ, ಅಂದರೆ ಎಳೆ ಬಿದಿರು, ಬಂದರೆ ಇನ್ನೊಂದು ಕಡೆಯಿಂದ ಹಾಗಲದ ಜಾತಿಯ ಪುಟ್ಟ ಕರ್ಚಿಕಾಯಿ ಬರುತ್ತದೆ. ಕರ್ಚಿಕಾಯಿ ಸಿಗುವುದು ಕೆಲವೇ ವಾರ, ಬೆಲೆಯೂ ಹೆಚ್ಚೇ. ಆದರೂ ಬಿಡುವುದಿಲ್ಲ. ಬೀಜ ಬಲಿತಿಲ್ಲದ ಸಣ್ಣವನ್ನೇ ಆರಿಸಿ, ತೊಟ್ಟು ತೆಗೆದು, ನೀರು ಸೋಕಿಸದೆ ಎಣ್ಣೆಯಲ್ಲೇ ಬಾಡಿಸಬೇಕು. ಖಾರ, ಗುರೆಳ್ಳು ಪುಡಿ, ಬೆಲ್ಲ ಕೊನೆಗೆ. ಕಹಿ ಎಂದು ಮೂಗು ಮುರಿದವರೇ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ.

ಬರೆದ ಅಳತೆ ನಾನು ಕೊಡುವುದಿಲ್ಲ. ಮೊದಲು ಮುದ್ರಿಸಿ ಕೊಡುತ್ತಿದ್ದೆ, ಅದರಿಂದಲೇ ಅಡುಗೆ ಕೆಟ್ಟಿತು. ಪುಂಡಿ ಸೊಪ್ಪಿನ ಹುಳಿ ಒಂದು ವಾರದ್ದು ಇನ್ನೊಂದು ವಾರಕ್ಕಿಲ್ಲ. ಸೊಪ್ಪು ಬೇಯಿಸಿದ ನೀರನ್ನು ನಾಲಿಗೆಗೆ ಇಟ್ಟು ನೋಡಿ, ಎಷ್ಟು ಬಸಿಯಬೇಕು ಎಂದು ಆಗ ನಿರ್ಧರಿಸಬೇಕು. ಜೋಳದ ನುಚ್ಚು ಎಷ್ಟು ಬೀಳಬೇಕೆಂಬುದೂ ಅದರ ಮೇಲೆಯೇ. ಚಳಿಗಾಲದ ಎಳೆಯ ಕಡಲೆ ಸೊಪ್ಪಿಗೆ ಎಲೆಯ ಮೇಲೇ ಹುಳಿ ಇರುತ್ತದೆ, ಹುಣಸೆ ಹಾಕಿದರೆ ಹಾಳು. ಇದನ್ನು ಕಾಗದದ ಮೇಲೆ ಚಮಚದ ಲೆಕ್ಕದಲ್ಲಿ ಬರೆಯುವುದು ಹೇಗೆ?

ರೊಟ್ಟಿಗೆ ಒಂದೇ ನಿಯಮ: ಹಿಟ್ಟು ಅದೇ ವಾರ ಗಿರಣಿಯಿಂದ ಬಂದಿರಬೇಕು. ಮೊದಲ ದಿನ ಎಲ್ಲರಿಗೂ ಒಂದೊಂದು ಕಿಲೋ ಮಾಲ್ದಂಡಿ ಜೋಳ ಕೊಡಿಸುತ್ತೇನೆ, ಅವರೇ ಬೀಸಿಸಿಕೊಂಡು ಬರಬೇಕು. ಗೋಧಿ ಬೀಸಿದ ಬೆನ್ನಿಗೇ ಬೀಸಿಸಬೇಡಿ ಎಂಬ ಮಾತಿಗೆ ಗಿರಣಿಯವರು ಗೊಣಗುತ್ತಾರೆ, ಗೊಣಗಲಿ. ಅಂಗಡಿಯಲ್ಲಿ ನಾಲ್ಕು ಕಾಳು ಜಗಿದು ಜಿಗಿ ಇರುವ ಜೋಳ ಯಾವುದೆಂದು ಹೇಳುವ ವಿದ್ಯೆ ನನಗೆ ಬಂದಿದೆ, ಹತ್ತರಲ್ಲಿ ಎಂಟೊಂಬತ್ತು ಸಲ ತಪ್ಪುವುದಿಲ್ಲ. ಅದನ್ನು ಬರೆದು ತಿಳಿಸಲು ಬರುವುದಿಲ್ಲ, ಬಂದರೂ ತಿಳಿಸುವುದಿಲ್ಲ. ಮೊದಲ ಎರಡು ಭಾನುವಾರ ಬಡಿದ ರೊಟ್ಟಿಯೆಲ್ಲ ಹರಿಯುತ್ತದೆ. ಹರಿದದ್ದನ್ನು ಬಿಸಿಯಿರುವಾಗಲೇ ಮುರಿದು, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿ, ಉಂಡೆಗಟ್ಟಿ ಮುಟಗಿ ಮಾಡಿಸುತ್ತೇನೆ. ಸೋತ ರೊಟ್ಟಿಯಲ್ಲೂ ಒಂದು ತಿನಿಸು ಸಿಕ್ಕರೆ ಮೂರನೆಯ ವಾರಕ್ಕೆ ಜನ ತಪ್ಪಿಸಿಕೊಳ್ಳುವುದಿಲ್ಲ. ಹೆಂಡತಿ ಕಳಿಸಿದಳೆಂದು ಬಂದಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಈಗ ನನಗಿಂತ ತೆಳ್ಳಗೆ ಬಡಿಯುತ್ತಾರೆ. ಅದನ್ನು ಅವರ ಮುಂದೆ ಒಪ್ಪಿಕೊಂಡಿಲ್ಲ.

ಎಣ್ಣೆಗಾಯಿಯ ಮಸಾಲೆ ನಿಮಗೆಲ್ಲ ಗೊತ್ತಿರುವುದೇ: ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಮಸಾಲೆ ಖಾರ. ನಾನು ಇನ್ನೊಂದನ್ನು ಹಾಕುತ್ತೇನೆ, ಅದನ್ನು ಹುರಿಯುವುದೂ ಬೇರೆ. ಶುಲ್ಕ ಕೊಟ್ಟವರಿಗೆ ಮಾತ್ರ ಅದು ಗೊತ್ತು, ಅವರೂ ಇದುವರೆಗೆ ಬಾಯಿ ಬಿಟ್ಟಿಲ್ಲ.

ಇನ್ನು ದುಡ್ಡಿನ ಮಾತು. ದಿನದ ಲೆಕ್ಕ ಬಿಟ್ಟು ಋತುವಿನ ಲೆಕ್ಕಕ್ಕೆ ಬಂದದ್ದೇ ನನ್ನನ್ನು ಉಳಿಸಿತು. ಎಂಟು ಭಾನುವಾರಕ್ಕೆ 2,400 ರೂಪಾಯಿ, ಮುಂಗಡವಾಗಿ. ಬೆಳಿಗ್ಗೆ ಒಂದು ತಂಡ, ಸಂಜೆ ಒಂದು, ತಲಾ ಎಂಟು ಜನ. ಹತ್ತಾದರೆ ಹಂಚಿನ ಮುಂದೆ ನೂಕುನುಗ್ಗಲು. ಸಾಮಾನಿಗೆ ತಲೆಗೆ ದಿನಕ್ಕೆ 150ರ ಆಸುಪಾಸು ಬೀಳುತ್ತದೆ; ಕರ್ಚಿಕಾಯಿಯ ವಾರ ಹೆಚ್ಚು, ಕಡಲೆಹಿಟ್ಟಿನ ಜುಣಕದ ವಾರ ಕಡಿಮೆ. ಪಾತ್ರೆ ತೊಳೆಯುವ ಅಕ್ಕನ ಸಂಬಳ, ಗ್ಯಾಸ್ ಕಳೆದು ಋತುವಿಗೆ 14–15 ಸಾವಿರ ಉಳಿಯುತ್ತದೆ. ಚಟ್ನಿಪುಡಿ ಮಾರಾಟದ್ದು ಬೇರೆ. ದೊಡ್ಡ ಮೊತ್ತವಲ್ಲ ನಿಜ, ಆದರೆ ಬಾಡಿಗೆಯಿಲ್ಲ, ಪನೀರ್ ಬಿಲ್ಲಿಲ್ಲ. ಕೋಣೆಯ ಹುಡುಗರಿಗೆ ಅರ್ಧ ಶುಲ್ಕ, ಅದೂ ಎರಡು ಕಂತು. ಕೆಲವರ ಎರಡನೆಯ ಕಂತು ಇನ್ನೂ ಬರಬೇಕಿದೆ. ಕೆಲಸ ಸಿಕ್ಕ ಮೇಲೆ ಕೊಡುತ್ತಾರಂತೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸೀತನಿಯನ್ನು, ಅಂದರೆ ಎಳೆ ಜೋಳದ ತೆನೆಯನ್ನು, ಬೇಸಿಗೆಗೂ ಉಳಿಸೋಣವೆಂದು ಸುಟ್ಟು ಬಡಿದ ಕಾಳನ್ನು ಫ್ರೀಜರ್‌ನಲ್ಲಿ ಇಟ್ಟೆ. ತಿಂಗಳೊಳಗೆ ಸಿಹಿ ಹೋಗಿ ಬರೀ ಹಿಟ್ಟು ಹಿಟ್ಟು. ಕುದಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಇಟ್ಟದ್ದು ಸ್ವಲ್ಪ ವಾಸಿ, ಆದರೆ ಹೊಗೆಯ ವಾಸನೆಯೇ ಇಲ್ಲದ ಸೀತನಿ ಯಾರಿಗೆ ಬೇಕು? ಕರ್ಚಿಗಡ್ಡೆಯನ್ನು ಹಿತ್ತಲ ಕೆಂಪು ಮಣ್ಣಿನಲ್ಲಿ ನೆಟ್ಟೆ, ಬಳ್ಳಿ ಹಬ್ಬಿತೇ ಹೊರತು ಕಾಯಿ ಕಚ್ಚಲಿಲ್ಲ. ನವಲಗುಂದದ ಕಡೆಯಿಂದ ಎರಡು ಚೀಲ ಎರೆಮಣ್ಣು ತರಿಸಿ ಡಬ್ಬದಲ್ಲಿ ಹಾಕಿದ ವರ್ಷ ಎರಡು ಬೊಗಸೆ ಸಿಕ್ಕಿತು. ಮಣ್ಣಿನ ಸಾಗಣೆಗೆ ಕೊಟ್ಟದ್ದನ್ನು ಲೆಕ್ಕ ಹಾಕಿದರೆ ಅಷ್ಟು ದುಬಾರಿ ಕರ್ಚಿಕಾಯಿಯನ್ನು ಈ ಜಿಲ್ಲೆಯಲ್ಲಿ ಯಾರೂ ತಿಂದಿರಲಾರರು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತಲ್ಲ, ಆಗ ನವಣೆ, ಸಾವೆಯದೇ ಒಂದು ತಂಡ ಮಾಡಿದೆ. ಜನ ಮುಗಿಬಿದ್ದರು, ನಾಲ್ಕನೆಯ ವಾರಕ್ಕೆ ಅರ್ಧಕ್ಕರ್ಧ ಖಾಲಿ. ಔಷಧವೆಂದು ಉಣ್ಣಲು ಬಂದವರಿಗೆ ಅಡುಗೆ ಕಲಿಸುವುದು ಕಷ್ಟ. ಈಗ ನವಣೆಯನ್ನು ಪಾಠದ ನಡುವೆ ಹೇಳದೆ ಕೇಳದೆ ಹುಗ್ಗಿಯಾಗಿ ಬಡಿಸುತ್ತೇನೆ, ತಟ್ಟೆ ಖಾಲಿಯಾಗುತ್ತದೆ.

ಮುಂದಿನದು ರಂಜಕದ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಯ, ವಾರ. ಹಣ್ಣು ಮೆಣಸಿನಕಾಯಿಯನ್ನು ಬ್ಯಾಡಗಿ ಕಡೆಯಿಂದ ತರಿಸುತ್ತೇನೆ, ಬಣ್ಣಕ್ಕೆ ಅದೇ ಬೇಕು. ಖಾರ ಸಾಲದವರಿಗೆ ಬೇರೆ ತಳಿಯನ್ನು ಕಾಲು ಭಾಗ ಬೆರೆಸುತ್ತೇನೆ. ಕಿಲೋಗೆ ಉಪ್ಪು ಕಾಲು ಕಿಲೋಗಿಂತ ತುಸು ಕಡಿಮೆ, ಬೆಳ್ಳುಳ್ಳಿ ಧಾರಾಳ, ಮೆಂತ್ಯ ಹುರಿದದ್ದು, ನಿಂಬೆರಸ. ತೊಳೆದ ಕಾಯಿಯನ್ನು ಬಟ್ಟೆಯ ಮೇಲೆ ರಾತ್ರಿಯಿಡೀ ಆರಿಸದಿದ್ದರೆ ಬೂಸು ಖಂಡಿತ. ಮೆಣಸಿನಕಾಯಿಯ ದರ ವರ್ಷಕ್ಕೊಂದು ಆಟ ಆಡುವುದರಿಂದ ಈ ಒಂದು ವಾರದ ಸಾಮಾನಿನ ಹಣ ಶುಲ್ಕದಲ್ಲಿ ಸೇರಿಲ್ಲ, ಅಂದಿನ ಬೆಲೆ ಅಂದೇ ಕೊಡಬೇಕು. ಗಾಜಿನ ಭರಣಿ ನಿಮ್ಮದು, ಒರಳು ನನ್ನದು. ಮಿಕ್ಸರ್‌ನಲ್ಲಿ ತಿರುವುತ್ತೇನೆ ಎನ್ನುವವರು ಆ ಭಾನುವಾರ ಮನೆಯಲ್ಲೇ ಇರಬಹುದು.